ಕೊಡುವುದಕ್ಕೂ ಸಾಯುವುದಕ್ಕೂ ನಡುವೆ ಒಂದು ಗೆರೆ: ಎವೆಂಕಿ ಭಾಷೆಯ ಕಾಗುಣಿತದ ಕಥೆ

ಶಾಮನ್ ಅನ್ನುವ ಪದ ನಿಮಗೆ ಗೊತ್ತಿರುತ್ತದೆ. ಡೋಲು ಬಡಿಯುತ್ತಾ, ಮೈಮೇಲೆ ಬಂದವರ ಹಾಗೆ ಕುಣಿಯುತ್ತಾ, ಆತ್ಮಗಳ ಜೊತೆ ಮಾತಾಡುವವನು. ಈ ಪದ 17ನೇ ಶತಮಾನದಲ್ಲಿ ಸೈಬೀರಿಯಾದ ಎವೆಂಕಿ ಜನರ ಬಾಯಿಂದ ರಷ್ಯನ್ನಿಗೆ ಬಂತು, ಅಲ್ಲಿಂದ ಯುರೋಪಿನ ಭಾಷೆಗಳಿಗೆ ಹಬ್ಬಿತು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಇದರ ಬೇರು ನಮ್ಮ ‘ಶ್ರಮಣ’ದಲ್ಲಿದೆ ಅನ್ನುವ ವಾದವೂ ಇದೆ. ಶ್ರವಣಬೆಳಗೊಳದ ‘ಶ್ರವಣ’ದಲ್ಲಿ ಉಳಿದಿರುವ ಅದೇ ಪದ, ಬೌದ್ಧರ ಜೊತೆ ಮಧ್ಯ ಏಷ್ಯಾ ದಾಟಿ ಹೋಯಿತು ಅನ್ನುತ್ತಾರೆ. ಇದನ್ನು ಎಲ್ಲರೂ ಒಪ್ಪಿಲ್ಲ. ಆ ಚರ್ಚೆ ಇರಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಶ್ನೆ. ಈ ಪದವನ್ನು ಎವೆಂಕಿ ನಿಘಂಟಿನಲ್ಲಿ ಹುಡುಕಬೇಕು ಅಂದರೆ ಯಾವ ಅಕ್ಷರದ ಕೆಳಗೆ ನೋಡಬೇಕು? ಕೆಲವು ಕಡೆಯ ಎವೆಂಕಿಗಳು ‘ಸಮಾನ್’ ಅನ್ನುತ್ತಾರೆ. ಉತ್ತರದವರ ಬಾಯಲ್ಲಿ ಅದು ‘ಹಮಾನ್’. ಇನ್ನೂ ಕೆಲವರು ‘ಶಮಾನ್’ ಅನ್ನುತ್ತಾರೆ. ಒಂದೇ ಭಾಷೆ, ಒಂದೇ ಪದ, ಮೂರು ಅಕ್ಷರ. ಹೆಂಗಸು ಅನ್ನುವ ಪದವೂ ಹಾಗೇ: ಒಬ್ಬರಿಗೆ ‘ಅಸೀ’, ಒಬ್ಬರಿಗೆ ‘ಅಹೀ’, ಇನ್ನೊಬ್ಬರಿಗೆ ‘ಅಶೀ’. ನರಿಗೆ ದಕ್ಷಿಣದಲ್ಲಿ ‘ಸುಲಕೀ’, ಉತ್ತರದಲ್ಲಿ ‘ಹುಲಕೀ’. ಹಳೆಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆಯಿತಲ್ಲ, ಸುಮಾರು ಅಂಥದ್ದೇ ಬದಲಾವಣೆ. ಆದರೆ ನಮ್ಮಲ್ಲಿ ಅದು ಕಾಲ ಕಳೆದಂತೆ ಆಗಿದ್ದು. ಅಲ್ಲಿ ಎರಡೂ ರೂಪಗಳು ಇವತ್ತೂ ಜೀವಂತವಾಗಿವೆ, ಸಾವಿರಾರು ಕಿಲೋಮೀಟರ್ ದೂರ ದೂರದಲ್ಲಿ.

ದೂರದ ಮಾತು ಯಾಕೆ ಮುಖ್ಯ ಅಂದರೆ, ಎವೆಂಕಿಗಳು ಹರಡಿರುವ ನೆಲ ಅಷ್ಟು ದೊಡ್ಡದು. ಪಶ್ಚಿಮಕ್ಕೆ ಯೆನಿಸೇ ನದಿ, ಪೂರ್ವಕ್ಕೆ ಒಖೋತ್ಸ್ಕ್ ಸಮುದ್ರ, ಅದರಾಚೆ ಸಖಾಲಿನ್ ದ್ವೀಪ. ಕೆಳಗೆ ಚೀನಾದ ಒಳ ಮಂಗೋಲಿಯಾದವರೆಗೆ. ಹಿಮಸಾರಂಗ ಸಾಕುತ್ತಾ, ಬೇಟೆಯಾಡುತ್ತಾ ಕಾಡಿನಲ್ಲಿ ಓಡಾಡಿದ ಜನ. ಹಳೆಯ ಪುಸ್ತಕಗಳಲ್ಲಿ ಇವರ ಹೆಸರು ತುಂಗುಸ್. 1908ರ ಜೂನ್‌ನಲ್ಲಿ ಆಕಾಶದಲ್ಲಿ ಏನೋ ಸಿಡಿದು ಕಾಡಿಗೆ ಕಾಡೇ ಮಲಗಿತಲ್ಲ, ಆ ತುಂಗುಸ್ಕಾ ಸ್ಫೋಟ ಆಗಿದ್ದು ಇವರ ನೆಲದಲ್ಲೇ. 2010ರ ರಷ್ಯಾ ಜನಗಣತಿಯ ಪ್ರಕಾರ ಅಲ್ಲಿ ಎವೆಂಕಿಗಳು ಸುಮಾರು 38 ಸಾವಿರ. ಭಾಷೆ ಬರುತ್ತದೆ ಅಂದವರು ಸುಮಾರು 4,800. ಅಂದರೆ ಎಂಟು ಜನರಲ್ಲಿ ಒಬ್ಬರು.

ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಕಾಗುಣಿತದ ಪ್ರಶ್ನೆ ಪಂಡಿತರ ಕೋಣೆಯಿಂದ ಹೊರಗೆ ಬರುವುದೇ ಇಲ್ಲಿ. ಭಾಷೆ ಬಾರದ ಆ ಏಳು ಜನರಲ್ಲಿ ಒಬ್ಬ ಹುಡುಗಿ ನಾಳೆ ಕಲಿಯಬೇಕು ಅಂದುಕೊಂಡರೆ, ಅವಳಿಗೆ ಸಿಗುವುದು ಅಜ್ಜಿಯ ದನಿಗಿಂತ ಮೊದಲು ಪುಸ್ತಕ. ಆ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಅವಳ ಭಾಷೆ. ಏನು ಬರೆದಿಲ್ಲವೋ ಅದು ಅವಳಿಗೆ ಇಲ್ಲ.

ಬರವಣಿಗೆ ಶುರುವಾದ ಬಗೆ ಚುಟುಕಾಗಿ ಹೇಳುತ್ತೇನೆ. ಫಿನ್‌ಲ್ಯಾಂಡಿನ ಮತಿಯಾಸ್ ಕಾಸ್ಟ್ರೆನ್ ಸೈಬೀರಿಯಾ ಸುತ್ತಿ ಬರೆದಿಟ್ಟ ತುಂಗುಸ್ ವ್ಯಾಕರಣ ಅವನು ತೀರಿಕೊಂಡ ಮೇಲೆ, 1856ರಲ್ಲಿ ಅಚ್ಚಾಯಿತು. ಆದರೆ ಎವೆಂಕಿ ಮಕ್ಕಳಿಗಾಗಿ ಅಂತ ಲಿಪಿ ಬಂದಿದ್ದು ಸೋವಿಯತ್ ಕಾಲದಲ್ಲಿ. 1930ರ ಹೊತ್ತಿಗೆ ಲೆನಿನ್‌ಗ್ರಾಡ್‌ನಲ್ಲಿ ಉತ್ತರದ ಸಣ್ಣ ಸಣ್ಣ ಜನಾಂಗಗಳಿಗೆಲ್ಲ ಸೇರಿಸಿ ಒಂದು ಲ್ಯಾಟಿನ್ ವರ್ಣಮಾಲೆ ಮಾಡಿದರು. ಎವೆಂಕಿ ಕೆಲಸದಲ್ಲಿ ಮುಂದೆ ನಿಂತವರು ಗ್ಲಾಫಿರಾ ವಾಸಿಲೆವಿಚ್ ಅನ್ನುವ ವಿದುಷಿ. ಮಕ್ಕಳು ಅದನ್ನು ಕಲಿತು ಕೈ ಕುದುರುವ ಹೊತ್ತಿಗೆ, 1936–37ರಲ್ಲಿ, ಮೇಲಿಂದ ಆದೇಶ ಬಂತು: ಲ್ಯಾಟಿನ್ ಬಿಡಿ, ರಷ್ಯನ್ನರ ಸಿರಿಲಿಕ್ ಲಿಪಿಯಲ್ಲಿ ಬರೆಯಿರಿ. ಏಳೆಂಟು ವರ್ಷಗಳೊಳಗೆ ಎರಡು ಲಿಪಿ.

ಲಿಪಿ ಬಂದರೆ ಸಾಲದು, ಯಾರ ಮಾತನ್ನು ಬರೆಯಬೇಕು ಅನ್ನುವುದೂ ತೀರ್ಮಾನ ಆಗಬೇಕು. ಎವೆಂಕಿಯಲ್ಲಿ ಸುಮಾರು 50 ಒಳನುಡಿಗಳನ್ನು ಗುರುತಿಸುತ್ತಾರೆ. ಅವುಗಳಲ್ಲಿ ಮೊದಲು ನೇಪಾ ಕಡೆಯ ಮಾತನ್ನು ಆರಿಸಿದರು. 1950ರ ದಶಕದಲ್ಲಿ ಅದನ್ನು ಬಿಟ್ಟು, ಪೊಲಿಗೂಸ್ ಅನ್ನುವ ಊರಿನ ಮಾತನ್ನು ಅಳತೆಗೋಲು ಮಾಡಿದರು. ಸ್ಫೋಟದ ಕಥೆಯಲ್ಲಿ ಬರುವ ಪೊದ್ಕಾಮೆನ್ನಾಯಾ ತುಂಗುಸ್ಕಾ ನದಿಯ ದಡದ ಊರೇ ಅದು. ಎರಡೂ ದಕ್ಷಿಣದ, ‘ಸ’ಕಾರದ ಮಾತು. ಹೀಗಾಗಿ ಪಠ್ಯಪುಸ್ತಕದಲ್ಲಿ ಹೆಂಗಸು ‘ಅಸೀ’ ಆದಳು. ಈಶಾನ್ಯ ಸೈಬೀರಿಯಾದ ಯಾಕುಟಿಯಾ ಪ್ರಾಂತ್ಯದ ಮಗು ಮನೆಯಲ್ಲಿ ‘ಅಹೀ’ ಅಂದು, ಶಾಲೆಯಲ್ಲಿ ‘ಅಸೀ’ ಅಂತ ಬರೆಯಬೇಕಾಯಿತು.

ಇದರಲ್ಲಿ ತಪ್ಪೇನು, ಎಲ್ಲ ಭಾಷೆಗಳಲ್ಲೂ ಇದೇ ಅಲ್ವಾ ಅಂತ ನೀವು ಕೇಳಬಹುದು. ಧಾರವಾಡದ ಹುಡುಗ, ಮಂಗಳೂರಿನ ಹುಡುಗಿ ಇಬ್ಬರೂ ಮನೆಯ ಮಾತೇ ಬೇರೆ, ಪುಸ್ತಕದ ಕನ್ನಡವೇ ಬೇರೆ ಅಂತ ಒಪ್ಪಿಕೊಂಡು ಬೆಳೆಯುತ್ತಾರೆ. ನಿಜ. ಆದರೆ ನಮ್ಮಲ್ಲಿ ಪುಸ್ತಕದ ಕನ್ನಡಕ್ಕೆ ಪತ್ರಿಕೆ ಇದೆ, ಟಿವಿ ಇದೆ, ಸಿನಿಮಾ ಇದೆ, ಆಫೀಸಿನ ಅರ್ಜಿ ಇದೆ. ಅದು ಕಿವಿಗೆ ಬೀಳುತ್ತಲೇ ಇರುತ್ತದೆ. ಎವೆಂಕಿ ಮಗುವಿಗೆ ಶಿಷ್ಟ ಎವೆಂಕಿ ಶಾಲೆಯ ಕೋಣೆಯಾಚೆ ಕೇಳುವುದೇ ಅಪರೂಪ. ಹೊರಗೆಲ್ಲ ರಷ್ಯನ್, ಯಾಕುಟಿಯಾದಲ್ಲಿ ಯಾಕುಟ್ ಭಾಷೆ ಕೂಡ. ಮೇಲಾಗಿ ಸೋವಿಯತ್ ಕಾಲದ ವಸತಿ ಶಾಲೆಗಳು ಮಕ್ಕಳನ್ನು ತಿಂಗಳುಗಟ್ಟಲೆ ಮನೆಯಿಂದ ದೂರ ಇಟ್ಟವು. ಮನೆಯ ‘ಅಹೀ’ಯೂ ಹೋಯಿತು, ಶಾಲೆಯ ‘ಅಸೀ’ಯೂ ನಿಲ್ಲಲಿಲ್ಲ. ಮಗು ರಷ್ಯನ್ನಿನಲ್ಲೇ ಮಾತಾಡಿತು. ಭಾಷೆ ಸೊರಗಿದ್ದಕ್ಕೆ ಕಾಗುಣಿತವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ‘ನಿನ್ನಜ್ಜಿ ಹೇಳಿದ್ದು ಪುಸ್ತಕದಲ್ಲಿ ಇಲ್ಲ’ ಅಂತ ಮಗುವಿಗೆ ಗೊತ್ತಾಗುವ ಗಳಿಗೆ ಇದೆಯಲ್ಲ, ಅದು ಚಿಕ್ಕದೇನಲ್ಲ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ ವಿಷಯ. ಹ್ರಸ್ವ ಮತ್ತು ದೀರ್ಘ.

ಎವೆಂಕಿಯಲ್ಲಿ ‘ಬು-’ ಅಂದರೆ ಸಾಯು. ‘ಬೂ-’ ಅಂದರೆ ಕೊಡು. ‘ಬುಚೇ’ ಅಂದರೆ ಸತ್ತ. ‘ಬೂಚೇ’ ಅಂದರೆ ಕೊಟ್ಟ. (ಕೊನೆಯ ‘ಏ’ ನಿಜಕ್ಕೂ ಕನ್ನಡದಲ್ಲಿಲ್ಲದ ಒಂದು ಸ್ವರ. ಬೇರೆ ದಾರಿಯಿಲ್ಲದೆ ಹೀಗೆ ಬರೆದಿದ್ದೇನೆ.) ವ್ಯತ್ಯಾಸ ಇರುವುದು ಉಕಾರ ಎಷ್ಟು ಹೊತ್ತು ಎಳೆಯುತ್ತೀರಿ ಅನ್ನುವುದರಲ್ಲಿ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಕೊಡು’ ಬೇರೆ, ‘ಕೋಡು’ ಬೇರೆ. ‘ಬಿಡು’ ಬೇರೆ, ‘ಬೀಡು’ ಬೇರೆ. ಆದರೆ ರಷ್ಯನ್ ಲಿಪಿಯಲ್ಲಿ ಸ್ವರದ ದೀರ್ಘಕ್ಕೆ ಅಕ್ಷರವೇ ಇಲ್ಲ, ಯಾಕೆಂದರೆ ರಷ್ಯನ್ನಿಗೆ ಅದು ಬೇಕಿಲ್ಲ. ಹಾಗಾಗಿ ಎವೆಂಕಿ ಬರೆಯುವಾಗ ದೀರ್ಘ ಸ್ವರದ ತಲೆಯ ಮೇಲೆ ಒಂದು ಅಡ್ಡಗೆರೆ ಎಳೆಯುವ ಪದ್ಧತಿ ಬಂತು.

ಆ ಗೆರೆ ನಿಘಂಟಿನಲ್ಲಿ ಇರುತ್ತದೆ. ಮಕ್ಕಳ ಪಠ್ಯದಲ್ಲಿ, ವಿದ್ವಾಂಸರ ಪುಸ್ತಕದಲ್ಲಿ ಇರುತ್ತದೆ. ಮಾಮೂಲಿ ಬರವಣಿಗೆಯಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹಾಗಾಗಿ ಅಚ್ಚಾದ ಸಾಲಿನಲ್ಲಿ ‘ಸತ್ತ’ ಮತ್ತು ‘ಕೊಟ್ಟ’ ಎರಡೂ ಒಂದೇ ಥರ ಕಾಣುತ್ತವೆ.

ಬಿಟ್ಟವರನ್ನು ಬೈಯುವ ಹಾಗಿಲ್ಲ. ಭಾಷೆ ಬಲ್ಲವರಿಗೆ ಗೆರೆ ಬೇಡವೇ ಬೇಡ. ಯಾರಿಗೆ ಕೊಟ್ಟ, ಏನು ಕೊಟ್ಟ ಅನ್ನುವುದು ಪಕ್ಕದಲ್ಲೇ ಇರುತ್ತದೆ, ಕಣ್ಣು ಓದಿದ ಹಾಗೆ ಬಾಯಿ ಎಳೆದುಕೊಳ್ಳುತ್ತದೆ. ನಮ್ಮಲ್ಲೂ ಹೀಗೇ ಇತ್ತು. ಹಳೆಯ ಶಾಸನಗಳಲ್ಲಿ, ತಾಳೆಗರಿಗಳಲ್ಲಿ ‘ಎ’ಗೂ ‘ಏ’ಗೂ, ‘ಒ’ಗೂ ‘ಓ’ಗೂ ಬೇರೆ ಬೇರೆ ಗುರುತು ಇರುತ್ತಿರಲಿಲ್ಲ. ಆ ಕಾಲದ ಓದುಗನಿಗೆ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ಸಾವಿರ ವರ್ಷದ ಮೇಲೆ ಅದನ್ನು ಓದಲು ಕೂತ ನಮಗೆ. ‘ಕೊ’ ಪಕ್ಕದಲ್ಲಿ ಬಾಲದಂಥ ಒಂದು ದೀರ್ಘ ಹಾಕಿ ‘ಕೋ’ ಮಾಡುವುದು ಇವತ್ತು ನಮಗೆ ಎಷ್ಟು ಸಹಜ ಅಂದರೆ, ಅದು ಒಂದು ಕಾಲದಲ್ಲಿ ಇರಲಿಲ್ಲ ಅಂತ ನಂಬುವುದೇ ಕಷ್ಟ. ಈಗ ಆ ಬಾಲಗಳನ್ನೆಲ್ಲ ತೆಗೆದು ಒಂದು ಪುಟ ಕನ್ನಡ ಓದಿ ನೋಡಿ. ನೀವು ಓದಬಲ್ಲಿರಿ. ಕನ್ನಡ ಕಲಿಯುತ್ತಿರುವ ಹೊರಗಿನವರು ಓದಲಾರರು.

ಎವೆಂಕಿಯ ಬಹುಪಾಲು ಎಳೆಯ ಓದುಗರು ಇವತ್ತು ಆ ಕಲಿಯುವವರ ಜಾಗದಲ್ಲಿ ಇದ್ದಾರೆ. ತಮ್ಮದೇ ಭಾಷೆಗೆ ಹೊರಗಿನವರಾಗಿ. ಗೆರೆ ಬಿಡುವ ಪದ್ಧತಿ ಹುಟ್ಟಿದ್ದು ಬಲ್ಲವರು ಬಲ್ಲವರಿಗಾಗಿ ಬರೆಯುವ ಕಾಲದಲ್ಲಿ. ಓದುವವರು ಬದಲಾದರು, ಪದ್ಧತಿ ಬದಲಾಗಲಿಲ್ಲ. ಅದಕ್ಕೇ ನನ್ನ ಅಭಿಪ್ರಾಯ ಸ್ಪಷ್ಟ: ಇಂದು ಅಚ್ಚಾಗುವ, ತೆರೆಯ ಮೇಲೆ ಬರುವ ಪ್ರತಿಯೊಂದು ಎವೆಂಕಿ ಸಾಲಿನಲ್ಲೂ ದೀರ್ಘದ ಗೆರೆ ಇರಬೇಕು. ಪತ್ರಿಕೆಯಲ್ಲಿ, ಕಥೆಯಲ್ಲಿ, ಅಂಗಡಿಯ ಬೋರ್ಡಿನಲ್ಲಿ ಕೂಡ.

ಹೇಳುವುದು ಸುಲಭ, ಟೈಪ್ ಮಾಡುವುದು ಕಷ್ಟ. ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡೋಣ. ಕಂಪ್ಯೂಟರುಗಳಿಗೆ ಲೋಕದ ಅಕ್ಷರಗಳನ್ನೆಲ್ಲ ಪಟ್ಟಿ ಮಾಡಿಕೊಟ್ಟಿರುವ ಯೂನಿಕೋಡ್‌ನಲ್ಲಿ ಗೆರೆ ಹೊತ್ತ ಸಿರಿಲಿಕ್ ‘ಇ’ ಮತ್ತು ‘ಉ’ ಇಡಿಯಾಗಿ ಸಿಗುತ್ತವೆ, ಯಾಕೆಂದರೆ ತಾಜಿಕ್ ಭಾಷೆಯ ವರ್ಣಮಾಲೆಯಲ್ಲಿ ಅವು ಇವೆ. ಗೆರೆ ಹೊತ್ತ ‘ಅ’, ‘ಒ’ ಮತ್ತು ಎವೆಂಕಿಗೆ ಬೇಕಾದ ಉಳಿದ ಸ್ವರಗಳು ಹಾಗೆ ಸಿಗುವುದಿಲ್ಲ. ಮೊದಲು ಸ್ವರ ಒತ್ತಬೇಕು, ಆಮೇಲೆ ತೇಲುವ ಗೆರೆಯನ್ನು ಬೇರೆಯಾಗಿ ಸೇರಿಸಬೇಕು. ಮಾಮೂಲಿ ರಷ್ಯನ್ ಕೀಬೋರ್ಡಿನಲ್ಲಿ ಆ ಗೆರೆಯೇ ಇಲ್ಲ. ಕೆಲವು ಫಾಂಟುಗಳಲ್ಲಿ ಗೆರೆ ಅಕ್ಷರದ ತಲೆ ಬಿಟ್ಟು ಪಕ್ಕಕ್ಕೆ ಜಾರುತ್ತದೆ. ಸಾಕಾಗಿ ಯಾರಾದರೂ ಲ್ಯಾಟಿನ್ ಲಿಪಿಯ ಗೆರೆ ಇರುವ ‘ಎ’ ಅಕ್ಷರವನ್ನು ತಂದು ಅಂಟಿಸಿದರು ಅಂತಿಟ್ಟುಕೊಳ್ಳಿ. ಕಣ್ಣಿಗೆ ಸಿರಿಲಿಕ್ ‘ಅ’ ಥರವೇ ಕಾಣುತ್ತದೆ, ಚೂರೂ ವ್ಯತ್ಯಾಸ ಇಲ್ಲ. ಆದರೆ ಕಂಪ್ಯೂಟರಿಗೆ ಅದು ಪೂರ್ತಿ ಬೇರೆ ಅಕ್ಷರ. ನಿಘಂಟಿನಲ್ಲಿ ಆ ಪದ ಹುಡುಕಿದರೆ ‘ಸಿಗಲಿಲ್ಲ’ ಅಂತ ಬರುತ್ತದೆ. ಪದ ಅಲ್ಲೇ, ಕಣ್ಣೆದುರಿಗೇ ಇದ್ದರೂ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಇವತ್ತು ತೆರೆದು, ಒಂದು ಹೆಸರು ಹುಡುಕಿ ಸೋತವರಿಗೆ ಈ ಸಂಕಟ ಅರ್ಥವಾಗುತ್ತದೆ.

ಇನ್ನೊಂದು ಅಕ್ಷರದ ಕಥೆ ನಮಗೆ ಹತ್ತಿರದ್ದು. ಕ ಖ ಗ ಘ ಆದ ಮೇಲೆ ಬರುವ ‘ಙ’. ನಾವು ಒಂದನೇ ಕ್ಲಾಸಿನಲ್ಲಿ ಅದನ್ನು ಕಲಿತು, ಆಮೇಲೆ ಜೀವನಪೂರ್ತಿ ಸೊನ್ನೆ ಹಾಕಿಕೊಂಡೇ ಕಾಲ ಕಳೆಯುತ್ತೇವೆ. ಎವೆಂಕಿಯಲ್ಲಿ ಆ ದನಿ ಪದದ ಮೊದಲಿಗೇ ಬರುತ್ತದೆ. ‘ಙೀ’ ಅಂದರೆ ಯಾರು. ‘ಙಿನಕಿನ್’ ಅಂದರೆ ನಾಯಿ. ‘ಙೆನೆ-’ ಅಂದರೆ ಹೋಗು. ರಷ್ಯನ್ನಿನಲ್ಲಿ ಈ ದನಿ ಇಲ್ಲ. ಸಿರಿಲಿಕ್ ಬಂದ ಹೊಸದರಲ್ಲಿ ‘ನ’ ಮತ್ತು ‘ಗ’ ಎರಡನ್ನೂ ಪಕ್ಕಪಕ್ಕ ಬರೆದು ಸುಧಾರಿಸಿದರು. ಆಮೇಲೆ ‘ನ’ ಅಕ್ಷರದ ಕಾಲಿಗೆ ಒಂದು ಕೊಕ್ಕೆ ಹಾಕಿ ಹೊಸ ಅಕ್ಷರ ಮಾಡಿದರು. ಫೋನಿನಲ್ಲಿ ಆ ಕೊಕ್ಕೆ ಸಿಗದಿದ್ದರೆ ಬರೀ ‘ನ’ ಒತ್ತಬೇಕು, ಇಲ್ಲವೇ ಹಳೆಯ ಜೋಡಿ ಅಕ್ಷರಕ್ಕೆ ಹೋಗಬೇಕು. ಒಂದೇ ನಾಯಿಗೆ ಮೂರು ಕಾಗುಣಿತ ಹುಟ್ಟುವುದು ಹೀಗೆ.

ರಷ್ಯನ್ ಲಿಪಿಯ ಇನ್ನೊಂದು ಅಭ್ಯಾಸ ಇನ್ನೂ ಸೂಕ್ಷ್ಮ. ಎವೆಂಕಿಯಲ್ಲಿ ‘ಇ’ ಒಂದೇ. ರಷ್ಯನ್ನಿನಲ್ಲಿ ಅದಕ್ಕೆ ಎರಡು ಅಕ್ಷರ, ಒಂದು ಮೆದು, ಒಂದು ಗಟ್ಟಿ. ಕಾಗುಣಿತ ಮಾಡಿದವರು ಇದನ್ನು ಜಾಣತನದಿಂದ ಬಳಸಿಕೊಂಡರು. ‘ದ’ ಮುಂದೆ ಗಟ್ಟಿ ಅಕ್ಷರ ಬಂದರೆ ‘ದಿ’ ಅಂತ ಓದಬೇಕು. ‘ದಿಗಿನ್’ ಅಂದರೆ ನಾಲ್ಕು, ಅದನ್ನು ಬರೆಯುವುದು ಹೀಗೆ. ಮೆದು ಅಕ್ಷರ ಬಂದರೆ ‘ಜಿ’ಗೆ ಹತ್ತಿರದ ದನಿ. ನಿಯಮ ಗೊತ್ತಿದ್ದರೆ ಒಳ್ಳೆಯ ಏರ್ಪಾಡು. ಆದರೆ ರಷ್ಯನ್ ಮಾತ್ರ ಬಲ್ಲ ಮಗು ಇದನ್ನು ರಷ್ಯನ್ನಿನ ಹಾಗೇ ಓದುತ್ತದೆ. ‘ಜಿ’ ಬಾಯಿಂದ ಬರುವುದೇ ಇಲ್ಲ. ಕಾಗುಣಿತ ಸರಿಯಾಗಿಯೇ ಇದ್ದು ಉಚ್ಚಾರ ಜಾರಿಹೋಗುವ ಜಾಗ ಇದು.

ನಿಘಂಟಿಗೆ ಬರೋಣ. ಎವೆಂಕಿಯಲ್ಲಿ ನಿಘಂಟಿಗೆ ‘ತುರೇರುಕ್’ ಅನ್ನುತ್ತಾರೆ. ‘ತುರೇನ್’ ಅಂದರೆ ಮಾತು, ಪದ, ಭಾಷೆ. ‘ರುಕ್’ ಅನ್ನುವುದು ಏನನ್ನಾದರೂ ಇಡುವ ಚೀಲಕ್ಕೆ, ಪೆಟ್ಟಿಗೆಗೆ ಹಚ್ಚುವ ಪ್ರತ್ಯಯ. ಮಾತಿನ ಪೆಟ್ಟಿಗೆ. ನಮ್ಮ ‘ಪದಕೋಶ’ದ ಕೋಶವೂ ಅದೇ ಅಲ್ವಾ?

ಈ ಪೆಟ್ಟಿಗೆ ತುಂಬಿಸಿದವರಲ್ಲಿ ಇಬ್ಬರನ್ನು ನೆನೆಯಲೇಬೇಕು. ವಾಸಿಲೆವಿಚ್ 1920ರ ದಶಕದಿಂದ ಕಾಡಿನ ಬಿಡಾರಗಳಿಗೆ ಹೋಗಿ ಪದ ಕೂಡಿಸಿದರು. 1958ರಲ್ಲಿ ಬಂದ ಅವರ ಎವೆಂಕಿ–ರಷ್ಯನ್ ನಿಘಂಟಿನಲ್ಲಿ ಸುಮಾರು 25,000 ಪದಗಳಿವೆ. ಯಾವ ರೂಪ ಯಾವ ಕಡೆಯದು ಅನ್ನುವ ಗುರುತು ಅದರಲ್ಲಿ ಇದೆ. ಇನ್ನೊಬ್ಬರು ಅನ್ನಾ ಮಿರೇಯೆವಾ. ಯಾಕುಟಿಯಾದವರು, ಸ್ವತಃ ಎವೆಂಕಿ. 2004ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ಅಚ್ಚಾದ ಅವರ ನಿಘಂಟು ಸುಮಾರು 30,000 ಪದಗಳದ್ದು. ಅದರ ಹೆಸರಲ್ಲೇ ‘ತುರೇರುಕ್’ ಇದೆ. ಹೊರಗಿನವರು ಬಂದು ಪ್ರೀತಿಯಿಂದ ಮಾಡಿದ ಕೆಲಸವನ್ನು ಮನೆಯವರೇ ಮುಂದಕ್ಕೆ ಒಯ್ದಿದ್ದು ನೋಡಿದರೆ ಮನಸ್ಸು ತುಂಬುತ್ತದೆ.

ಆದರೂ ಕಲಿಯುವವರು ಈ ಪೆಟ್ಟಿಗೆಯನ್ನು ತೆರೆಯುವಾಗ ಬೀಗದ ಕೈ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲನೆಯದು ಕ್ರಿಯಾಪದ. ಕನ್ನಡ ನಿಘಂಟಿನಲ್ಲಿ ‘ಹೋಗು’ ಅಂತ ಧಾತುವನ್ನೇ ಕೊಡುತ್ತೇವೆ, ಅದು ಒಂಟಿಯಾಗಿಯೂ ನಿಲ್ಲುತ್ತದೆ. ಎವೆಂಕಿಯ ಧಾತು ಹಾಗೆ ನಿಲ್ಲುವುದಿಲ್ಲ. ಕೆಲವು ನಿಘಂಟುಗಳು ‘ಙೆನೆ-’ ಅಂತ ಬರೆದು ಕೊನೆಯಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತವೆ. 1975 ಮತ್ತು 1977ರಲ್ಲಿ ವೆರಾ ತ್ಸಿಂತ್ಸಿಯುಸ್ ಅವರ ಸಂಪಾದಕತ್ವದಲ್ಲಿ ಬಂದ, ಎವೆಂಕಿಯೂ ಸೇರಿದ ತುಂಗುಸ್–ಮಂಚು ಬಳಗದ ಭಾಷೆಗಳನ್ನು ಹೋಲಿಸುವ ಎರಡು ಸಂಪುಟಗಳ ನಿಘಂಟು ಹೀಗೇ ಮಾಡಿದೆ. ಶಾಲೆಯ ನಿಘಂಟುಗಳು ‘ಮೀ’ ಅನ್ನುವ ಪ್ರತ್ಯಯ ಹಚ್ಚಿ ‘ಙೆನೆಮೀ’ ಅಂತ ಕೊಡುತ್ತವೆ. ರಷ್ಯನ್ ಅರ್ಥದ ಕಡೆ ‘ಹೋಗುವುದು’ ಅಂತ ಬರೆದಿರುತ್ತದೆ. ಆದರೆ ಮಾತಿನಲ್ಲಿ ‘ಙೆನೆಮೀ’ ಅಂದರೆ ‘ಹೋದರೆ’, ‘ಹೋಗುವಾಗ’. ನಮ್ಮ ನಿಘಂಟಿನಲ್ಲಿ ಎಲ್ಲ ಕ್ರಿಯಾಪದಗಳನ್ನೂ ‘ಹೋದರೆ, ಬಂದರೆ, ತಿಂದರೆ’ ಅಂತ ಕೊಟ್ಟ ಹಾಗೆ. ರಷ್ಯನ್ನಿಗೆ ಒಂದು ಮೂಲರೂಪ ಬೇಕು, ಅದಕ್ಕೆ ಜೋಡಿಯಾಗಿ ಇದನ್ನು ಹೊಂದಿಸಿದ್ದಾರೆ. ನನಗೆ ಧಾತುವಿಗೆ ಗೆರೆ ಎಳೆಯುವುದೇ ಸರಿ ಅನ್ನಿಸುತ್ತದೆ. ಅದು ಭಾಷೆಯ ಮೂಳೆಯನ್ನು ಇದ್ದ ಹಾಗೆ ತೋರಿಸುತ್ತದೆ. ಕಲಿಯುವವರು ಒಂದೇ ವಾರದಲ್ಲಿ ಒಗ್ಗಿಕೊಳ್ಳುತ್ತಾರೆ.

ಎರಡನೆಯದು ನಾಮಪದ. ‘ಒರೊನ್’ ಅಂದರೆ ಸಾಕಿದ ಹಿಮಸಾರಂಗ. ಬಹುವಚನ ‘ಒರೊರ್’. ‘ಬಿರ’ ಅಂದರೆ ಹೊಳೆ, ಬಹುವಚನ ‘ಬಿರಲ್’. ‘ಹೊಳೆಯನ್ನು’ ಅನ್ನಲು ‘ಬಿರವ’, ‘ಹಿಮಸಾರಂಗವನ್ನು’ ಅನ್ನಲು ‘ಒರೊನ್ಮೊ’. ಒಂದೇ ವಿಭಕ್ತಿ, ಒಂದು ಕಡೆ ‘ವ’, ಇನ್ನೊಂದು ಕಡೆ ‘ಮೊ’. ಪದದ ಸ್ವರಕ್ಕೆ ತಕ್ಕಂತೆ ಪ್ರತ್ಯಯದ ಸ್ವರ ಬದಲಾಗುತ್ತದೆ, ಕೊನೆಯ ವ್ಯಂಜನಕ್ಕೆ ತಕ್ಕಂತೆ ಪ್ರತ್ಯಯದ ವ್ಯಂಜನ ಬದಲಾಗುತ್ತದೆ. ಬಲ್ಲವರಿಗೆ ಇದು ನೀರು ಕುಡಿದಷ್ಟು ಸುಲಭ. ಪುಸ್ತಕದಲ್ಲಿ ‘ಒರೊರ್’ ಕಂಡು ನಿಘಂಟು ತೆರೆದ ಹುಡುಗಿಗೆ ಅದು ‘ಒರೊನ್’ ಕೆಳಗಿದೆ ಅಂತ ಹೊಳೆಯುವುದು ಹೇಗೆ? ಅಚ್ಚಿನ ನಿಘಂಟಿಗೆ ಪುಟದ ಮಿತಿ ಇತ್ತು, ಎಲ್ಲ ರೂಪ ಕೊಡಲು ಆಗುತ್ತಿರಲಿಲ್ಲ. ಫೋನಿನ ನಿಘಂಟಿಗೆ ಆ ನೆಪ ಇಲ್ಲ.

ಎರವಲು ಪದಗಳ ವಿಷಯ ಬೇಗ ಮುಗಿಸುತ್ತೇನೆ. ಹಿಂದೆ ಬಂದ ರಷ್ಯನ್ ಪದಗಳು ಎವೆಂಕಿ ನಾಲಿಗೆಗೆ ಹೊಂದಿಕೊಂಡಿದ್ದವು. ರೊಟ್ಟಿಗೆ ‘ಕೊಲೊಬೊ’ ಅನ್ನುವುದು ಹಾಗೆ ಬಂದದ್ದು. ಸಿರಿಲಿಕ್ ಬಂದ ಮೇಲೆ ಹೊಸ ಪದಗಳನ್ನು ರಷ್ಯನ್ನಿನಲ್ಲಿ ಇದ್ದ ಹಾಗೇ ಬರೆಯುವುದು ರೂಢಿಯಾಯಿತು. ಎವೆಂಕಿ ವರ್ಣಮಾಲೆಯ ಕೆಲವು ಅಕ್ಷರಗಳು ಬಳಕೆಯಾಗುವುದೇ ಇಂಥ ಪದಗಳಲ್ಲಿ. ನಮ್ಮಲ್ಲಿ ಮಹಾಪ್ರಾಣ ಬೇಕೋ ಬೇಡವೋ ಅಂತ ನಡೆಯುವ ಚರ್ಚೆಯ ನೆಂಟ ಇದು.

ಚೀನಾದ ಕಡೆ ಕಥೆಯೇ ಬೇರೆ. ಅಲ್ಲಿ 2010ರ ಗಣತಿಯಲ್ಲಿ ಎವೆಂಕಿ ಅಂತ ಬರೆಸಿಕೊಂಡವರು ಸುಮಾರು 30 ಸಾವಿರ. ಆದರೆ ಆ ಒಂದು ಹೆಸರಿನ ಕೆಳಗೆ ಸೊಲೊನ್ ಮಾತಾಡುವವರು, ಖಮ್ನಿಗನ್‌ಗಳು, ಹಿಮಸಾರಂಗ ಸಾಕುವ ಒಂದು ಸಣ್ಣ ಗುಂಪು ಎಲ್ಲರೂ ಸೇರಿದ್ದಾರೆ. ಅವರ ಭಾಷೆಗೆ ಅಲ್ಲಿ ಒಪ್ಪಿತವಾದ ಲಿಪಿಯೇ ಇಲ್ಲ. ಓದುಬರಹ ಮಂಗೋಲಿಯನ್ನಿನಲ್ಲಿ, ಚೀನಿಯಲ್ಲಿ. ವಿದ್ವಾಂಸರು ಮಾತ್ರ ಲ್ಯಾಟಿನ್ ಅಕ್ಷರಗಳಲ್ಲಿ ಪದ ಬರೆದಿಡುತ್ತಾರೆ. ಗಡಿಯ ಆಚೆ ಈಚೆ ಇರುವ ನೆಂಟರು ಒಬ್ಬರಿಗೊಬ್ಬರು ಒಂದು ಮೆಸೇಜ್ ಬರೆಯುವುದಕ್ಕೂ ಒಂದು ಲಿಪಿ ಇಲ್ಲ.

2022ರಿಂದ 2032ರವರೆಗಿನ ಹತ್ತು ವರ್ಷಗಳನ್ನು ವಿಶ್ವಸಂಸ್ಥೆ ಮೂಲನಿವಾಸಿಗಳ ಭಾಷೆಗಳ ದಶಕ ಅಂತ ಸಾರಿದೆ. ಘೋಷಣೆಗಳು ಬರುತ್ತವೆ, ಹೋಗುತ್ತವೆ. ಎವೆಂಕಿಗೆ ಈ ಹತ್ತು ವರ್ಷದಲ್ಲಿ ಆಗಬೇಕಾದ ಕೆಲಸ ಕಣ್ಣಿಗೆ ಕಾಣುವಷ್ಟು ಚಿಕ್ಕದು, ಕೈಗೆ ಎಟುಕುವಂಥದ್ದು. ತೇಲುವ ಗೆರೆ ಮತ್ತು ಕೊಕ್ಕೆಯ ‘ಙ’ ಇರುವ ಕೀಬೋರ್ಡ್ ಎಲ್ಲ ಫೋನುಗಳಲ್ಲೂ ಸಿಗಬೇಕು. ಕಂಪ್ಯೂಟರಿನಲ್ಲಿ ಒಂದು ಪದಕ್ಕೆ ಒಂದೇ ಬರವಣಿಗೆ ಅಂತ ಗಟ್ಟಿಯಾಗಬೇಕು. ಗೆರೆ ಹಾಕದೆ ಹುಡುಕಿದರೂ ನಿಘಂಟು ‘ಬು-’, ‘ಬೂ-’ ಎರಡನ್ನೂ ತೋರಿಸಿ, ಯಾವುದು ಬೇಕು ಅಂತ ಕೇಳಬೇಕು.

ಶಿಷ್ಟ ರೂಪ ಒಂದು ಇರಲಿ, ಬೇಡ ಅನ್ನುವುದಿಲ್ಲ. ಪರೀಕ್ಷೆಗೆ, ಅರ್ಜಿಗೆ ಅದು ಬೇಕು. ಆದರೆ ತುರೇರುಕ್‌ನಲ್ಲಿ ಉತ್ತರದ ಹುಡುಗಿ ಹ ಅಕ್ಷರದ ಕೆಳಗೆ ಹುಡುಕಿದಾಗ, ಅವಳಜ್ಜಿಯ ಪದ ಪೂರ್ತಿ ಅರ್ಥದ ಸಮೇತ ಅಲ್ಲೇ ಸಿಗಬೇಕು. ‘ನೋಡಿ: ಸುಲಕೀ’ ಅಂತ ಬೇರೆ ಕಡೆ ಅಟ್ಟಬಾರದು. ನಮೂದು ಹೀಗಿರಲಿ:

ಹುಲಕೀ: ನರಿ. ದಕ್ಷಿಣದವರು ಸುಲಕೀ ಅನ್ನುತ್ತಾರೆ.